ಗಾಳಿ ನೋಡಿ ಒಲೆ ಹೊತ್ತಿಸುವ ಊರಿನಲ್ಲಿ

ಆಳಂದ

ನಮ್ಮ ಓಣಿಯಲ್ಲಿ ಹೊಗೆ ಎಂದರೆ ನಾನು. ಖಡಕ್ ಜೋಳದ ರೊಟ್ಟಿ ಮಾಡಿಸಿ ಸೋಲಾಪುರ, ಕಲಬುರಗಿಯ ಅಂಗಡಿಗಳಿಗೆ ಕಳಿಸುವುದು ನನ್ನ ದಂಧೆ. ಎಂಟು ಒಲೆ, ಎಂಟು ಮಂದಿ ಹೆಂಗಸರು, ಹಿತ್ತಲ ತುಂಬ ತೊಗರಿಕಟ್ಟಿಗೆ. ಬೆಳಗ್ಗೆ ಒಲೆಗಳು ಹೊತ್ತಿಕೊಂಡವೆಂದರೆ ಎದುರುಮನೆಯ ನಿವೃತ್ತ ಹೆಡ್‌ಮಾಸ್ತರರು ಕಿಟಕಿಯನ್ನು ಧಡಾರನೆ ಮುಚ್ಚುತ್ತಾರೆ. ಪಕ್ಕದ ಮನೆಯವರು ಒಣಹಾಕಿದ ಬಟ್ಟೆಗಳನ್ನು ಓಡಿ ಬಂದು ಎಳೆದುಕೊಳ್ಳುತ್ತಾರೆ. ಎಲ್ಲರಿಗೂ ನನ್ನ ರೊಟ್ಟಿ ಬೇಕು, ಹೊಗೆ ಬೇಡ.

ಕಳೆದ ಬೇಸಿಗೆಯಲ್ಲಿ ಪುರಸಭೆಯಿಂದ ನೋಟೀಸು ಬಂತು. ಹೊಸ ವರ್ಷದೊಳಗೆ ಹೊಗೆ ಕಡಿಮೆ ಮಾಡಬೇಕು, ಇಲ್ಲವಾದರೆ ಒಲೆಗಳನ್ನು ಊರ ಹೊರಗೆ ಒಯ್ಯಬೇಕು. ಊರ ಹೊರಗೆ ಹೋದರೆ ನನ್ನ ಹೆಂಗಸರಲ್ಲಿ ಅರ್ಧ ಜನ ಬರಲಾರರು. ಅವರಿಗೆ ಮಕ್ಕಳ ಶಾಲೆ ಇದೆ, ನಳದ ನೀರು ಬರುವ ಹೊತ್ತು ಇದೆ, ಅತ್ತೆಯ ಗುಳಿಗೆ ಇದೆ. ಒಲೆಯನ್ನು ಒಯ್ಯಬಹುದು, ಇವನ್ನೆಲ್ಲ ಒಯ್ಯುವುದು ಹೇಗೆ?

ಹೊಗೆ ಕಡಿಮೆ ಮಾಡುವ ಪ್ರಯತ್ನ ಹಿಂದೆಯೂ ಒಮ್ಮೆ ಆಗಿತ್ತು. ಸಾಹೇಬರೊಬ್ಬರು ಜೀಪಿನಲ್ಲಿ ಬಂದು ಹೊಗೆಯಿಲ್ಲದ ಒಲೆ ಕೊಟ್ಟಿದ್ದರು. ಅದಕ್ಕೆ ಮಾಲೆ ಹಾಕಿ, ಪಕ್ಕದಲ್ಲಿ ನನ್ನನ್ನು ನಿಲ್ಲಿಸಿ ಫೋಟೋ ಹೊಡೆಸಿ ಹೋದರು. ಅವರು ಹೋದ ಮೇಲೆ ನೋಡಿದರೆ ನಮ್ಮ ರೊಟ್ಟಿ ಹಂಚು ಅದರ ಬಾಯಿಗೆ ಕೂಡಲೇ ಇಲ್ಲ. ಈಗ ಅದರೊಳಗೆ ಪಕ್ಕದ ಮನೆಯ ಕೋಳಿ ಕೂಡುತ್ತದೆ. ಸರ್ಕಾರಿ ಒಲೆಯಿಂದ ಇದುವರೆಗೆ ಆದ ಲಾಭವೆಂದರೆ ತತ್ತಿ.

ಇಂಥ ಹೊತ್ತಿನಲ್ಲಿ, ಸಣ್ಣ ಉದ್ದಿಮೆಯವರನ್ನು ಹೊರದೇಶಕ್ಕೆ ಕರೆದೊಯ್ದು, ಅಲ್ಲಿಯವರು ಕರೆಂಟು, ಎಣ್ಣೆ, ಕಟ್ಟಿಗೆ ಉಳಿಸುವುದನ್ನು ತೋರಿಸುವ ಯೋಜನೆಯೊಂದಕ್ಕೆ ನನ್ನ ಹೆಸರು ಬಂತು. ಆಳಂದದಿಂದ ನಾನು, ಅಫಜಲಪುರ ತಾಲ್ಲೂಕಿನಿಂದ ಒಬ್ಬರು, ಜೇವರ್ಗಿಯಿಂದ ಒಬ್ಬರು. ಹೋಗಬೇಕಾದದ್ದು ಡೆನ್ಮಾರ್ಕಿಗೆ. ನನ್ನ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳಾದ, ಚಿಕ್ಕಮ್ಮನ ಹಾಗೆ ನಾನು ಮೌಶಿ ಎಂದು ಕರೆಯುವ ಶಾಂತಾಬಾಯಿಗೆ ಈ ಸುದ್ದಿ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು.

"ಹೊಗಿ ಕಮ್ಮಿ ಮಾಡೂದು ಕಲಿಯಾಕ ಇಮಾನದಾಗ ಹೊಂಟೀಯೇನು ಬೇ?"

"ಹೌದು ಮೌಶಿ."

"ಆ ಇಮಾನ ಹೊಗಿ ಬಿಡಂಗಿಲ್ಲೇನು?"

ನಾನು ಪಾಸ್‌ಪೋರ್ಟಿನ ಫೋಟೋ ತೆಗೆಸಲು ಹೊರಟೆ.

ಹೈದರಾಬಾದ್ ವಿಮಾನ ನಿಲ್ದಾಣ

ಜೊತೆಗಾರರ ಮುಖ ಸರಿಯಾಗಿ ನೋಡಿದ್ದು ಇಲ್ಲಿಯೇ. ಅಫಜಲಪುರ ತಾಲ್ಲೂಕು ಕರಜಗಿಯ ಶರಣಪ್ಪ ಕಾಕಾ ಬೆಲ್ಲದ ಗಾಣದವರು. ಬಿಳಿ ಧೋತರ, ಮೇಲೆ ಮಗಳು ಕೊಡಿಸಿದ ಕರಿ ಜಾಕೆಟ್ಟು, ತಲೆಗೆ ಟೋಪಿ. ಮಾತಾಡಿದರೆ ಆಚೆ ಹೊಲದವರಿಗೂ ಕೇಳಬೇಕು, ಅಂಥ ಗಂಟಲು. ಜೇವರ್ಗಿಯ ಗೌತಮನದು ಸಣ್ಣ ತೊಗರಿಬೇಳೆ ಮಿಲ್ಲು. ಅವನ ಅಜ್ಜ ಇಂಥದೇ ಮಿಲ್ಲೊಂದರಲ್ಲಿ ಚೀಲ ಹೊತ್ತವರು. ಅಪ್ಪ ಬುದ್ಧವಿಹಾರದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾ ಮಗನಿಗೂ ಒಳ್ಳೆಯ ಇಂಗ್ಲಿಷ್ ಕಲಿಸಿದ್ದರು. ಹೀಗಾಗಿ ಇಡೀ ಪ್ರವಾಸದಲ್ಲಿ ನಮ್ಮಿಬ್ಬರ ಬಾಯಿ, ಕಿವಿ ಎಲ್ಲ ಗೌತಮನೇ.

ಅಲ್ಲಿಯವರಿಗೆ ರೊಟ್ಟಿ ಮಾಡಿ ತೋರಿಸಬೇಕೆಂದು ನಾನು ಹಿಟ್ಟಿನ ಜೊತೆ ಕಬ್ಬಿಣದ ಹಂಚನ್ನೂ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ತಪಾಸಣೆಯ ಯಂತ್ರದೊಳಗೆ ಅದು ಹೋದದ್ದೇ ತಡ, ಯಂತ್ರ ನಿಂತಿತು. ಒಬ್ಬ ಬಂದು ನೋಡಿದ, ಇಬ್ಬರಾದರು, ನಾಲ್ವರಾದರು. ಒಬ್ಬ ಹಂಚನ್ನು ಬೆರಳಿನಿಂದ ಟಣ್ ಟಣ್ ಎಂದು ಬಡಿದ. ನನಗೆ ಹಿಂದಿ ತಡವರಿಸಿತು. ಕೊನೆಗೆ ಅವರ ಮೇಜಿನ ಮೇಲೆಯೇ ಎರಡೂ ಕೈಯಿಂದ ಪಟಪಟ ರೊಟ್ಟಿ ಬಡಿಯುವ ಹಾಗೆ ಮಾಡಿ, ಗಾಳಿಯಲ್ಲಿ ರೊಟ್ಟಿ ಎತ್ತಿ, ಹಂಚಿನ ಮೇಲೆ ಹಾಕಿ, ನೀರು ಸವರಿ, ಮಗುಚಿ ತೋರಿಸಿದೆ. ಆಗ ಹಿಂದಿನಿಂದ ದೊಡ್ಡ ಅಧಿಕಾರಿ ಬಂದ. ನಮ್ಮ ಹಾಗೆಯೇ ಜೋಳದ ರೊಟ್ಟಿ ತಿನ್ನುವ ಜಹೀರಾಬಾದಿನ ಕಡೆಯವನಂತೆ. "ರೊಟ್ಟೆ!" ಎಂದ. ಅವನ ಕಣ್ಣಲ್ಲಿ ತಾಯಿಯ ನೆನಪು ಬಂದದ್ದು ನನಗೆ ಕಂಡಿತು. ಹಂಚು ವಿಮಾನ ಹತ್ತಿತು.

ಕೋಪನ್‌ಹೇಗನ್

ಇಳಿದ ಕೂಡಲೇ ಗಾಳಿ. ನಮ್ಮ ಕಡೆ ಗಾಳಿ ಬೀಸಿದರೆ ಧೂಳು ಬರುತ್ತದೆ, ಅಲ್ಲಿ ಗಾಳಿ ಬೀಸಿದರೆ ಬರೀ ಗಾಳಿಯೇ ಬರುತ್ತದೆ. ಅದೂ ನೇರ ಎಲುಬಿನೊಳಗೆ. ಸೆರಗು ಎಷ್ಟು ಬಿಗಿದರೂ ಅದು ಧ್ವಜದ ಹಾಗೆ ಹಾರಾಡಿತು.

ಅಲ್ಲಿಯವರು ಭೇಟಿಯಾದಾಗ "ಹೈ" ಎನ್ನುತ್ತಾರೆ. ಹೊರಡುವಾಗ "ಹೈ ಹೈ" ಎನ್ನುತ್ತಾರೆ. ಹೋಟೆಲಿನ ಮುಂಬಾಗಿಲ ಹುಡುಗಿ ನಗುನಗುತ್ತಾ ಒಬ್ಬರಾದ ಮೇಲೊಬ್ಬರಿಗೆ "ಹೈ ಹೈ" ಎನ್ನುವುದನ್ನು ಕಾಕಾ ಬಹಳ ಹೊತ್ತು ಕೇಳಿದರು. ಆಮೇಲೆ ಗೌತಮನ ಕಿವಿಯಲ್ಲಿ ಕೇಳಿದರು: "ಲೇ ಗೌತಮಾ, ಯಾರು ತೀರಿ ಹೋಗ್ಯಾರಂತ? ಹಾಯ್ ಹಾಯ್ ಅನ್ನಾಕತ್ತಾಳ, ಮುಖ ನೋಡಿದ್ರ ನಗಾಕತ್ತಾಳ!"

ಅದೇ ಹೋಟೆಲಿನಲ್ಲಿ ಕಾಕಾ ಕತ್ತಲಲ್ಲಿ ಸಿಕ್ಕಿಬಿದ್ದರು. ಕೆಳಗಿನ ಅಂತಸ್ತಿನ ಪಾಯಿಖಾನೆಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಒಳಗಿನಿಂದ ಕೂಗು ಮಾತ್ರ ಕೇಳುತ್ತಿತ್ತು.

"ಗೌತಮಾ! ಕರೆಂಟ್ ಹೋತಲೇ! ಇಲ್ಲೂ ಕರೆಂಟ್ ಹೋಗ್ತದೇನು?"

ಗೌತಮ ಬಾಗಿಲಿಗೆ ಬಾಯಿಟ್ಟು ವಿವರಿಸಿದ. ಅಲ್ಲಿ ದೀಪಕ್ಕೆ ಗುಂಡಿ ಇಲ್ಲ. ಮನುಷ್ಯ ಅಲುಗಾಡಿದರೆ ದೀಪ ತಾನಾಗಿ ಹತ್ತುತ್ತದೆ, ಸುಮ್ಮನೆ ಕೂತರೆ ಆರುತ್ತದೆ. "ಕಾಕಾ, ಕೈ ಆಡಸ್ರಿ, ಕೈ!"

"ಕೈ ಆಡಸ್ಲೋ, ನನ್ನ ದಗದ ನೋಡ್ಲೋ?"

ಹೊರಗೆ ಬಂದಾಗ ಕಾಕಾನ ಟೋಪಿ ಓರೆಯಾಗಿತ್ತು. ಕೈ ಸಾಲದೆ ಟೋಪಿಯನ್ನೂ ಬೀಸಿದರಂತೆ. ಆದರೆ ಅವರು ಸಿಟ್ಟಾಗಲಿಲ್ಲ. ಟೋಪಿ ಸರಿಮಾಡಿಕೊಳ್ಳುತ್ತಾ ಹೇಳಿದರು: "ಖರೇ ಅದ. ನಮ್ಮ ಪಂಚಾಯ್ತಿ ಆಫೀಸಿನಾಗ ಇದನ್ನ ಹಚ್ಚಿದ್ರ ಇಡೀ ದಿನ ಕತ್ತಲ ಇರ್ತದ ನೋಡು."

ರೈಲಿನಲ್ಲಿ

ನಾವು ನಿಜವಾಗಿ ಇರಬೇಕಾದದ್ದು ಫ್ಯೂನ್ ಎಂಬ ದ್ವೀಪದ ಸಣ್ಣ ಊರಿನಲ್ಲಿ. ಅಲ್ಲಿಗೆ ರೈಲು. ಅದು ಸಮುದ್ರದ ಕೆಳಗೆ ಸುರಂಗದಲ್ಲಿ ಇಳಿದು, ನಡುವಿನ ನಡುಗಡ್ಡೆಯಲ್ಲಿ ಮೇಲೆದ್ದು, ಉಳಿದ ಸಮುದ್ರವನ್ನು ಸೇತುವೆಯ ಮೇಲೆ ದಾಟುತ್ತದೆ. ನಾನು ಕಿಟಕಿಗೆ ಮುಖ ಹಚ್ಚಿ ಕೂತೆ. ನೀರಿನ ನಡುವೆ ಸಾಲು ಸಾಲಾಗಿ ಗಾಳಿಯಂತ್ರಗಳು ನಿಂತು ಕೈ ತಿರುಗಿಸುತ್ತಿದ್ದವು.

ನಮ್ಮ ಡಬ್ಬಿಯಲ್ಲಿ ಒಬ್ಬರೂ ಮಾತಾಡುತ್ತಿರಲಿಲ್ಲ. ಕಾಕಾನ ಫೋನು ಬಂತು. ಕರಜಗಿಯಲ್ಲಿ ಕಬ್ಬು ಅರೆಯುವ ಹಂಗಾಮು ಹತ್ತಿರ ಬಂದಿತ್ತು, ಒಲೆಗೆ ಹಾಕುವ ಕಬ್ಬಿನ ಸಿಪ್ಪೆ ಮಳೆಗೆ ತೊಯ್ದಿತ್ತು.

"ಹಲೋ! ಹಲೋ! ಕೇಳಾಕತ್ತದೇನು? ಸಿಪ್ಪಿ ಹಸಿ ಇದ್ರ ಹಾಕಬ್ಯಾಡ್ರಿ! ಹೊಗಿ ಆಗ್ತದ, ಉರಿ ಆಗಂಗಿಲ್ಲ! ಹಲೋ! ನಾ ಸಮುದ್ರದ ಮ್ಯಾಲೆ ಇದ್ದೇನಿ!"

ಎದುರಿನ ಅಜ್ಜಿಯೊಬ್ಬಳು ಓದುತ್ತಿದ್ದ ಪತ್ರಿಕೆಯನ್ನು ಮಡಚಿಟ್ಟು ಕಿಟಕಿಯ ಮೇಲಿನ ಚಿತ್ರವನ್ನು ತೋರಿಸಿದಳು. ತುಟಿಯ ಮೇಲೆ ಬೆರಳು. ಕಾಕಾ ಅದನ್ನು ನೋಡಿ, ಫೋನಿಗೆ ಅಂಗೈ ಅಡ್ಡ ಹಿಡಿದು ನನ್ನನ್ನು ಕೇಳಿದರು: "ತಂಬಾಕು ತಿನಬಾರದು ಅಂತೇನ್ ತಂಗಿ? ನಾ ಎಲ್ಲಿ ತಿಂದೇನಿ?" ಅಜ್ಜಿಗೆ ಕೈಮುಗಿದು, ಬಾಯಿ ತೆರೆದು ಒಳಗೆ ಏನೂ ಇಲ್ಲವೆಂದು ತೋರಿಸಿದರು. ಅಜ್ಜಿ ಗಾಬರಿಯಿಂದ ನೋಡಿ, ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು. ಸದ್ದು ಮಾಡಬಾರದ ಆ ಡಬ್ಬಿಯಲ್ಲಿ ಅತಿ ಹೆಚ್ಚು ಸದ್ದಾದದ್ದು ಅವಳ ನಗೆಯದೇ.

ಬಿರ್ಗಿಟ್ ಬೇಕರಿ

ನಾವು ಉಳಿದದ್ದು ಬಿರ್ಗಿಟ್ ಎಂಬಾಕೆಯ ಬೇಕರಿಯ ಮೇಲಿನ ಮನೆಯಲ್ಲಿ. ನನಗಿಂತ ಸ್ವಲ್ಪ ಹಿರಿಯಳು, ಎತ್ತರದ ಆಳು, ತೋಳುಗಳು ನಮ್ಮ ಶಾಂತಾಬಾಯಿಯ ತೋಳುಗಳೇ. ಮೂರು ತಲೆಮಾರಿನ ಬೇಕರಿ. ರೈ ಎಂಬ ಧಾನ್ಯದಿಂದ ಮಾಡಿದ, ಕರಿ ಇಟ್ಟಿಗೆಯಂಥ ರೈ ಬ್ರೆಡ್ಡು ಅವಳ ಹೆಸರುವಾಸಿ ಮಾಲು. ಕಾಕಾ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, "ಗೋಡಿ ಕಟ್ಟಾಕ ಅಡ್ಡಿಯಿಲ್ಲ" ಎಂದರು. ಆದರೆ ಬೆಣ್ಣೆ ಹಚ್ಚಿ ಕೊಟ್ಟಾಗ ನಾಲ್ಕು ಚೂರು ತಿಂದರು.

ಬೇಕರಿಯ ಒಲೆಯಿಂದ ಹೊರಗೆ ಹೋಗಬೇಕಾದ ಬಿಸಿಯನ್ನು ಕೊಳವೆಯಲ್ಲಿ ಹಿಡಿದು ಮೇಲಿನ ಮನೆಗಳನ್ನು ಬೆಚ್ಚಗಿಡುತ್ತಾರೆ. ಹೀಗಾಗಿ ಅವಳು ಒಲೆ ಹೊತ್ತಿಸಿದಾಗ ನಮ್ಮ ಕೋಣೆಯ ಗೋಡೆ ಬೆಚ್ಚಗಾಗುತ್ತಿತ್ತು. ಇಷ್ಟಾದರೂ ಅವರೆಲ್ಲ ಮನೆಯೊಳಗೇ ಸ್ವೆಟರು ಹಾಕಿಕೊಂಡು ಕೂಡುತ್ತಾರೆ. ಇನ್ನಷ್ಟು ಬಿಸಿ ಮಾಡಲು ಗುಂಡಿ ಇದೆ, ತಿರುಗಿಸುವುದಿಲ್ಲ. ಗೌತಮ ಒಮ್ಮೆ ಸದ್ದಿಲ್ಲದೆ ತಿರುಗಿಸಿದ. ಬಿರ್ಗಿಟ್ ಸದ್ದಿಲ್ಲದೆ ಬಂದು ಹಿಂದಕ್ಕೆ ತಿರುಗಿಸಿ, ಅವನ ಹೆಗಲಿಗೊಂದು ಉಣ್ಣೆಯ ಶಾಲು ಹೊದಿಸಿ ಹೋದಳು. ಗೌತಮ ಅಂದಿನಿಂದ ಮರಳುವ ತನಕ ಆ ಶಾಲನ್ನು ಬಿಡಲಿಲ್ಲ.

ಬಿರ್ಗಿಟ್ ದಿನವೂ ಮೊದಲು ನೋಡುವುದು ಗಾಳಿಯನ್ನು. ಅಲ್ಲಿ ಕರೆಂಟಿನ ದರ ತಾಸುತಾಸಿಗೆ ಬದಲಾಗುತ್ತದೆ. ಸಮುದ್ರದಲ್ಲಿ ಜೋರು ಗಾಳಿ ಬೀಸಿ ಯಂತ್ರಗಳು ತಿರುಗಿದರೆ ಅಗ್ಗ, ಗಾಳಿ ನಿಂತರೆ ತುಟ್ಟಿ. ಬಹಳ ಹೊತ್ತು ಬೇಯುವ ರೈ ಬ್ರೆಡ್ಡನ್ನು ಅವಳು ಗಾಳಿಯಿದ್ದ ಹೊತ್ತಿಗೇ ಒಲೆಗೆ ಹಾಕುತ್ತಾಳೆ. ಫೋನಿನಲ್ಲಿ ಗಾಳಿ ನೋಡಿ, ನಂಬಿಕೆ ಬರದೆ ಬಾಗಿಲು ತೆಗೆದು ಮುಖವೊಡ್ಡಿ ನಿಲ್ಲುತ್ತಾಳೆ. ನಮ್ಮ ಅಪ್ಪ ತಮ್ಮ ಹಳ್ಳಿ ಕಿಣ್ಣಿ ಸುಲ್ತಾನದಲ್ಲಿ ಬಿತ್ತನೆಗೆ ಮುಂಚೆ ಅಂಗಳದಲ್ಲಿ ನಿಂತು ಮೋಡ ನೋಡುತ್ತಿದ್ದ ಮುಖವೇ ಅದು.

ಬ್ರೆಡ್ಡು ಮುಟ್ಟಿಸಲು ಅವಳ ಹತ್ತಿರ ವ್ಯಾನು ಇಲ್ಲ, ಮುಂದೆ ದೊಡ್ಡ ಪೆಟ್ಟಿಗೆಯಿರುವ ಸೈಕಲ್ಲಿದೆ. ಒಂದು ದಿನ ಕಾಕಾ ಆ ಪೆಟ್ಟಿಗೆಯಲ್ಲಿ ಬ್ರೆಡ್ಡುಗಳ ನಡುವೆ ಕೂತು ಊರು ನೋಡಿ ಬಂದರು. ಧೋತರ ಸರಿಮಾಡಿಕೊಳ್ಳುತ್ತಾ, ಎರಡೂ ಕಡೆಯ ಜನರಿಗೆ ಕೈಯೆತ್ತಿ ನಮಸ್ಕಾರ ಮಾಡುತ್ತಾ ಹೋದರಂತೆ. ಮರುದಿನ ಮೂರು ಮನೆಯವರು ಬೇಕರಿಗೆ ಬಂದು, ನಿನ್ನೆ ಬಂದ ಮಂತ್ರಿಗಳು ಯಾವ ದೇಶದವರು ಎಂದು ವಿಚಾರಿಸಿದರು.

ಬಿಸಿಲು ಬಂದ ದಿನ

ಒಂದು ಮಧ್ಯಾಹ್ನ ಬಿಸಿಲು ಬಂತು. ಊರಿಗೆ ಊರೇ ಹೊರಗೆ ಬಂದು ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಮುಖ ಮೇಲೆ ಮಾಡಿ ನಿಂತಿತು. ನಾವು ಮೂವರು ಅಭ್ಯಾಸದಂತೆ ನೆರಳು ಹುಡುಕಿ ನಿಂತೆವು. ಇಷ್ಟು ಬಡ ಬಿಸಿಲಿಗೂ ಬಿರ್ಗಿಟ್ ಮಾಳಿಗೆಯ ಮೇಲೆ ಸೋಲಾರ್ ಹಲಗೆ ಹಾಸಿದ್ದಳು. ಕಾಕಾ ಬಹಳ ಹೊತ್ತು ಮೇಲೆ ನೋಡಿದರು.

"ಗೌತಮಾ, ನಿಮ್ಮ ಜೇವರ್ಗಿ ಬಿಸಲು ಇವ್ರಿಗೆ ಕೊಟ್ರ ಏನ್ ಮಾಡ್ತಿದ್ರಲೇ?"

"ಎರಡು ದಿನ ಖುಷಿ ಪಡ್ತಿದ್ರು ಕಾಕಾ. ಮೂರನೇ ದಿನ ವಾಪಸ್ ಕಳಸ್ತಿದ್ರು."

ರೊಟ್ಟಿಯ ದಿನ

ಊರಿನ ಹತ್ತಾರು ಜನರನ್ನು ಬಿರ್ಗಿಟ್ ಬೇಕರಿಗೆ ಕರೆದಿದ್ದಳು. ನಾನು ಇಳಕಲ್ ಸೀರೆ ಉಟ್ಟು ಹಂಚು ಹಿಡಿದು ಇಳಿದೆ. ಮೊದಲ ಪೆಟ್ಟು ಅಲ್ಲಿಯೇ. ಅವಳ ಗಾಜಿನಂಥ ಕರೆಂಟ್ ಒಲೆಯ ಮೇಲೆ ನಮ್ಮ ತಗ್ಗಾದ ಹಂಚು ಒಂದು ಬಿಂದುವಿನಲ್ಲಿ ಮಾತ್ರ ತಾಗಿ, ಗಾಲಿಯ ಹಾಗೆ ತಿರುಗತೊಡಗಿತು. ಒಲೆ ಕೀಂ ಕೀಂ ಎಂದಿತು. ಅದರ ಲೆಕ್ಕದಲ್ಲಿ ಮೇಲೆ ಪಾತ್ರೆಯೇ ಇಲ್ಲ. ಸಮುದ್ರ ದಾಟಿ ಬಂದ ಹಂಚು ಹೀಗೆ ಅವಮಾನ ಅನುಭವಿಸಿತು.

ಬಿರ್ಗಿಟ್ ತನ್ನ ಬ್ರೆಡ್ ಒಲೆಯನ್ನು ತೋರಿಸಿದಳು. ಒಳಗೆ ಕಲ್ಲಿನ ಹಾಸು. ರೊಟ್ಟಿಯನ್ನು ಅದರ ಮೇಲೆಯೇ ಸುಡಬಹುದು. ನಾನು ಒಲೆಯನ್ನು ಪೂರ್ತಿ ಕಾಯಿಸಲು ಹೇಳಿದೆ. ಒಲೆ ಕಾಯಿತು. ಆಮೇಲೆ ನಾನು ಎಸರು ಇಟ್ಟೆ. ಜೋಳ ಎಂದರೇನು ಎಂದು ಹೇಳಿದೆ. ಗೌತಮ ಅನುವಾದಿಸಿದ. ಮಾಲ್ದಂಡಿ ಬಿಳಿಜೋಳದ ವಿಚಾರ ಹೇಳಿದೆ. ಎಸರು ಹಾಕಿ ಹಿಟ್ಟು ನಾದಿದೆ. ಒಬ್ಬಾಕೆ ಪ್ರಶ್ನೆ ಕೇಳಿದಳು, ಅದಕ್ಕೆ ಉತ್ತರಿಸುತ್ತಾ ನನ್ನ ಅಜ್ಜಿಯ ಕಥೆಗೆ ಇಳಿದೆ. ಹಿಂದೆ ತಿರುಗಿ ನೋಡಿದರೆ ಬಿರ್ಗಿಟ್ ಒಲೆ ಆರಿಸಿ ಕೈಕಟ್ಟಿ ನಿಂತಿದ್ದಾಳೆ.

ನನಗೆ ನೆತ್ತಿಗೇರಿತು.

"ಏನ್ರಿ ಬಾಯಿ, ಮನಿಗೆ ಬಂದಾವ್ರ ಒಲಿ ಆರಸ್ತಾರೇನು? ನಮ್ಮ ಕಡೆ ವೈರಿಗೂ ಹಿಂಗ ಮಾಡಂಗಿಲ್ಲ!"

ಅವಳಿಗೂ ಏರಿತು. ಡ್ಯಾನಿಶ್ ಭಾಷೆಯಲ್ಲಿ ಏನೇನೋ ಅಂದಳು. ನಾನು ಕನ್ನಡದಲ್ಲಿ ಅಂದೆ. ಇಬ್ಬರಿಗೂ ಒಂದು ಮಾತೂ ಬಿಡದೆ ಅರ್ಥವಾಗುತ್ತಿತ್ತು. ಜನ ಒಮ್ಮೆ ಇತ್ತ, ಒಮ್ಮೆ ಅತ್ತ ನೋಡುತ್ತಿದ್ದರು.

"ಅಕ್ಕಾ, ಇದನ್ನ ಹೇಳ್ಲೋ ಬಿಡ್ಲೋ?" ಗೌತಮ ಶಾಲಿನೊಳಗಿಂದ ಕೇಳಿದ.

"ಹೇಳು! ಒಂದ್ ಅಕ್ಷರ ಬಿಡಬ್ಯಾಡ!"

ಅವನು ಬಿರ್ಗಿಟ್ ಕಡೆ ತಿರುಗಿ ನಾಲ್ಕೇ ಶಬ್ದ ಹೇಳಿದ.

"ಇಷ್ಟ ಹೇಳ್ದಿ ಯಾಕ?"

"ಅಕ್ಕಾಗ ಜರಾ ಬ್ಯಾಸರ ಆಗೇದ ಅಂತ ಅಂದೇನಿ."

ಕಾಕಾ ನಡುವೆ ಬಂದರು. "ತಂಗಿ, ಜಗಳ ಆಮ್ಯಾಲೆ ಮಾಡೂಣು. ಮಂದಿ ಹಸದಾರ. ಮೊದಲ ರೊಟ್ಟಿ ಬಡಿ." ಆರಿದ ಒಲೆಯಲ್ಲಿ ಎಂಥ ರೊಟ್ಟಿ ಎಂದುಕೊಂಡೇ ಬಡಿದೆ. ಆ ಸಿಟ್ಟಿನಲ್ಲಿ ಬಡಿದ ರೊಟ್ಟಿ ತೆಳ್ಳಗೆ, ಗುಂಡಗೆ, ಚಂದ್ರನ ಹಾಗೆ ಬಂತು. ನೀರು ಸವರಿ ಕಲ್ಲಿನ ಮೇಲೆ ಬಿಟ್ಟೆ. ಆರಿದ ಒಲೆಯಲ್ಲಿ ರೊಟ್ಟಿ ಮೆಲ್ಲಗೆ ಅಲುಗಿ, ಒಂದು ಮೂಲೆ ಎದ್ದು, ಇಡಿಯಾಗಿ ಉಬ್ಬಿ ನಿಂತಿತು. ಕಲ್ಲಿನಲ್ಲಿ ಅಷ್ಟು ಕಾವು ಉಳಿದಿತ್ತು. ಜನ ಚಪ್ಪಾಳೆ ತಟ್ಟಿದರು. ನನ್ನ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ರೊಟ್ಟಿ ಉಬ್ಬಿದ್ದಕ್ಕೆ ಬೇಸರವಾದದ್ದು ಜೀವನದಲ್ಲಿ ಅದೊಂದೇ ಸಲ.

ಎಲ್ಲರೂ ಹೋದ ಮೇಲೆ ಬಿರ್ಗಿಟ್ ಎರಡು ಕಪ್ ಕಾಫಿ ತಂದು ಎದುರಿಗೆ ಕೂತಳು. ಗೌತಮನ ಬಾಯಲ್ಲಿ ಅವಳು ಜೇವರ್ಗಿಯ ಹೆಣ್ಣುಮಗಳಾಗಿಬಿಡುತ್ತಿದ್ದಳು.

"ನಾನೂ ಒಬ್ಬಾವನ್ನ ಹಿಂಗ ಬೈದಿದ್ದೆ," ಎಂದಳು. "ಎಣ್ಣಿ ಉರಸೋ ಒಲಿ ಇದ್ದಾಗಿನ ಮಾತು. ಎಣ್ಣಿ ಮ್ಯಾಲಿನ ಕರ ವರ್ಷಾ ವರ್ಷಾ ಏರಸ್ತೇವಿ ಅಂತ ಸರ್ಕಾರ ಮೊದಲ ಹೇಳಿತ್ತು. ದಿನಾ ಸರ್ಕಾರಕ್ಕ ಬೈತಿದ್ದೆ. ಆಮ್ಯಾಲೆ ಊರಿನ ಆಫೀಸಿನಿಂದ ಒಬ್ಬ ಸಲಹಾ ಹೇಳಾಂವ ಬಂದ. ಬಂದು ಹಿಟ್ಟಿನ ಚೀಲದ ಮ್ಯಾಲೆ ಕುಂತ. ಏನೂ ಹೇಳಲಿಲ್ಲ. ಮರದಿನಾನೂ ಬಂದು ಕುಂತ. ಬನ್ ತಿನ್ನಾಕ ಬರ್ತಾನ ಅಂದ್ಕೊಂಡೆ. ಒಂದಿನ ಕೇಳಿದ, ನೀವು ಒಲಿ ಹಚ್ಚಿ ಆಮ್ಯಾಲೆ ಕಾಫಿ ಕುಡೀತೀರಲ್ಲ, ಯಾಕ?"

"ನೀ ಏನ್ ಅಂದಿ?"

"ನಮ್ಮಪ್ಪ ಹಂಗ ಮಾಡ್ತಿದ್ದ ಅಂದೆ. ಅಪ್ಪಂದು ಇಟ್ಟಂಗಿ ಒಲಿ, ಕಾಯಾಕ ಭಾಳ ಹೊತ್ತು ಹಿಡೀತಿತ್ತು. ನನ್ನ ಒಲಿ ಲಗೂನ ಕಾಯ್ತಿತ್ತು. ಒಲಿ ಬದಲಾಗಿತ್ತು, ನಾ ಆಗಿರಲಿಲ್ಲ. ಹೋಗೋ ಹೊರಗ ಅಂತ ಅವನ್ನ ಓಡಿಸಿದೆ. ಅವಂದು ತಪ್ಪು ಅಂತ ತೋರ್ಸಾಕ ಮರದಿನ ಬೇಕಂತ್ಲೇ ಮೊದಲ ಕಾಫಿ ಕುಡದು, ಆಮ್ಯಾಲೆ ಒಲಿ ಹಚ್ಚಿದೆ. ಬ್ರೆಡ್ ಬರೋಬರ್ ಬಂತು. ಅವತ್ತು ಬಂದಷ್ಟು ಸಿಟ್ಟು ನನಗ ಮತ್ತ ಯಾವತ್ತೂ ಬಂದಿಲ್ಲ."

ಆಮೇಲೆಯೇ ಆ ಮನುಷ್ಯ ಹೊಸ ಕರೆಂಟ್ ಒಲೆಗೆ, ಬಿಸಿ ಹಿಡಿಯುವ ಕೊಳವೆಗೆ ಸರ್ಕಾರದ ನೆರವು ಸಿಗುವ ದಾರಿ ತೋರಿಸಿದನಂತೆ. ಹೊಸ ಒಲೆ ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ.

"ಅದನ್ನೂ ಖಾಲಿ ಉರಸ್ತಾ ಕಾಫಿ ಕುಡೀತಿದ್ದೆ," ಎಂದಳು.

ನಮ್ಮ ಎಂಟು ಒಲೆಗಳು ನನ್ನ ಕಣ್ಣ ಮುಂದೆ ಬಂದವು. ಹೆಂಗಸರು ಬಂದವರೇ ಎಂಟೂ ಹೊತ್ತಿಸುತ್ತಾರೆ. ಆಮೇಲೆ ಚಹಾ, ಮಾತು, ಹಿಟ್ಟು ಜರಡಿ ಹಿಡಿಯುವುದು, ಎಸರು, ನಾದುವುದು. ಅಷ್ಟು ಹೊತ್ತೂ ಒಲೆಗಳು ಯಾರಿಗೂ ಬೇಡವಾಗಿ ಉರಿಯುತ್ತಿರುತ್ತವೆ. ಹೆಡ್‌ಮಾಸ್ತರರ ಕಿಟಕಿ ಮುಚ್ಚುವುದು ರೊಟ್ಟಿಯ ಹೊಗೆಗಲ್ಲ, ನಮ್ಮ ಚಹಾದ ಹೊಗೆಗೆ.

ಮತ್ತೆ ಆಳಂದ

ಊರಿಗೆ ಬಂದ ಮರುದಿನವೇ ಬಿರ್ಗಿಟ್ ಆದೆ. ಒಲೆಗಳು ಹೊತ್ತಿದ್ದವು, ಶಾಂತಾಬಾಯಿ ಚಹಾ ಹಿಡಿದು ಕೂತಿದ್ದಳು. ನಾನು ಸೀದಾ ಹೋಗಿ ಅವಳ ಒಲೆಯ ಕಟ್ಟಿಗೆ ಹೊರಗೆಳೆದು ನೀರು ಸುರಿದೆ.

ಶಾಂತಾಬಾಯಿ ಕಪ್ಪನ್ನು ಕೆಳಗಿಟ್ಟಳು. "ಹೊರದೇಶದಿಂದ ಇದ ಕಲ್ತು ಬಂದಿಯೇನು ಬೇ? ಉರಿಯೋ ಒಲಿಗೆ ನೀರು ಹಾಕೂದು?" ಸೆರಗು ಜಾಡಿಸಿ ಎದ್ದಳು. ಅವಳ ಹಿಂದೆ ಉಳಿದವರೂ ಎದ್ದರು. ಅಂಗಳ ಖಾಲಿಯಾಯಿತು. ಸೋಲಾಪುರದ ಅಂಗಡಿಯವನ ಫೋನು ಬಡಿದುಕೊಳ್ಳುತ್ತಿತ್ತು, ನಾನು ಏಳು ಉರಿಯುವ ಒಲೆ, ಒಂದು ತೊಯ್ದ ಒಲೆಯ ನಡುವೆ ನಿಂತಿದ್ದೆ. ಓಣಿಯ ಇತಿಹಾಸದಲ್ಲಿ ಅತಿ ಹೆಚ್ಚು ಹೊಗೆ ಎದ್ದದ್ದು ಬಹುಶಃ ಅಂದೇ.

ಸಂಜೆ ಅವಳ ಮನೆಗೆ ಹೋದೆ. ಆಕೆ ಮುಖ ತಿರುಗಿಸಿಕೊಂಡೇ ಹೇಳಿದಳು: "ಬರ್ತೇವಿ. ಆದ್ರ ನೀ ನಮ್ಮ ಒಲಿಗೆ ಕೈ ಹಚ್ಚಬಾರದು."

"ಹಚ್ಚಂಗಿಲ್ಲ ಮೌಶಿ. ನನಗ ಒಂದ್ ಒಲಿ ಕೊಡು. ನಾನೂ ಕುಂದರ್ತೇನಿ."

ಮರುದಿನ ಒಬ್ಬಾಕೆ ಮಗಳ ಬಾಣಂತನಕ್ಕೆ ಹೋದಳು, ಅವಳ ಒಲೆ ಖಾಲಿಯಾಯಿತು. ಶಾಂತಾಬಾಯಿಯ ಪಕ್ಕದಲ್ಲಿ ಕೂತೆ. ಡೆನ್ಮಾರ್ಕಿನಲ್ಲಿ ನಾಲ್ಕು ರೊಟ್ಟಿ ಬಡಿದು ಚಪ್ಪಾಳೆ ತಟ್ಟಿಸಿಕೊಂಡವಳಿಗೆ ಇಲ್ಲಿ ಗುಡ್ಡದಷ್ಟು ಹಿಟ್ಟು. ವರ್ಷಗಟ್ಟಲೆ ನಾನು ಮಾಡಿದ್ದು ಪೊಟ್ಟಣ ಕಟ್ಟುವ, ಫೋನು ಮಾಡುವ ಕೆಲಸ. ನನ್ನ ಕೈ ಜಡ್ಡುಗಟ್ಟಿತ್ತು. ಅವಳು ಒಂದು ಗಡಿಗೆ ಹಿಟ್ಟು ಮುಗಿಸಿದರೂ ನಾನಿನ್ನೂ ನಾದುತ್ತಿದ್ದೆ, ಎದುರಿಗೆ ನನ್ನ ಒಲೆ ಭಗಭಗ ಉರಿಯುತ್ತಿತ್ತು. ಅದರ ಹೊಗೆಯೆಲ್ಲ ಗಾಳಿಗೆ ಅವಳ ಕಣ್ಣಿಗೇ ಹೋಗುತ್ತಿತ್ತು. ಇದು ನನ್ನ ಜಾಣತನವೆಂದು ಹೇಳಿಕೊಳ್ಳಬಹುದಿತ್ತು. ಅಲ್ಲ, ನಾನು ನಿಜವಾಗಿಯೂ ನಿಧಾನ.

ಒಂದು ದಿನ ತಡೆದಳು, ಎರಡು ದಿನ ತಡೆದಳು. ಮತ್ತೊಂದು ಮುಂಜಾನೆ ಸ್ಫೋಟಿಸಿದಳು.

"ಏ ಕಸ್ತೂರಿ! ಹಿಟ್ಟು ಇನ್ನಾ ಕೈಯಾಗ ಅದ, ಒಲಿ ಯಾರಪ್ಪಗ ಹಚ್ಚಿಟ್ಟಿ? ಕಟ್ಟಿಗಿ ಏನ್ ಮ್ಯಾಲಿಂದ ಬೀಳ್ತಾವೇನು? ನನ್ನ ಕಣ್ಣು ಹೋದ್ವು! ಮೊದಲ ನಾದ್ಕೋ, ಆಮ್ಯಾಲೆ ಒಲಿ ಹಚ್ಚು!"

"ಎಲ್ಲಾರೂ ಹಂಗ ಹಚ್ಚತಾರಲ್ಲ ಮೌಶಿ," ಎಂದೆ, ತಲೆ ಎತ್ತದೆ.

ಶಾಂತಾಬಾಯಿ ಸುತ್ತ ನೋಡಿದಳು. ಆರು ಒಲೆಗಳು ಉರಿಯುತ್ತಿದ್ದವು, ಆರು ಮಂದಿ ಚಹಾ ಕುಡಿಯುತ್ತಿದ್ದರು. ಆ ಕ್ಷಣದಲ್ಲಿ ಅವಳು ಕಂಡದ್ದನ್ನು ಕಾಣಲು ನಾನು ಎರಡು ಸಮುದ್ರ ದಾಟಿ ಹೋಗಿದ್ದೆ. ಅಂದಿನಿಂದ ಅವಳದೇ ಕಾನೂನು. ಚಹಾಕ್ಕೆ ಒಂದೇ ಒಲೆ. ಹಿಟ್ಟು ನಾದಿ ಮುದ್ದೆ ಕಟ್ಟಿ ತೋರಿಸಿದವರಿಗೆ ಮಾತ್ರ ಬೆಂಕಿ. ಮೊದಲು ಹೊತ್ತಿಸಿದವರಿಗೆ ಅವಳಿಂದ ಸಿಗುತ್ತಿದ್ದ ಬೈಗುಳದ ಮುಂದೆ ಪುರಸಭೆಯ ನೋಟೀಸು ಮಂಗಳಾರತಿಯ ಹಾಡು.

ಹಿತ್ತಲಿನ ತೊಗರಿಕಟ್ಟಿಗೆಯ ಬಣವೆ ಬೇಗ ಕರಗುವುದು ನಿಂತಿತು. ಕಾಕಾ ಕರಜಗಿಯಿಂದ ಫೋನು ಮಾಡಿ, ಈಗ ತಾವೇ ಗಾಣದಲ್ಲಿ ನಿಂತು ಸಿಪ್ಪೆಯನ್ನು ಪೂರ್ತಿ ಒಣಗಿಸಿದ ಮೇಲೆಯೇ ಒಲೆಗೆ ಹಾಕಿಸುತ್ತಿರುವುದಾಗಿಯೂ ಬೆಲ್ಲದ ಬಣ್ಣವೂ ಸುಧಾರಿಸಿದೆಯೆಂದೂ ಕೂಗಿದರು. ಗೌತಮ ಚೀಲ ಬಿಚ್ಚುವ ಹೊತ್ತಿನಲ್ಲಿ ಮಿಲ್ಲಿನ ಮೋಟಾರು ಖಾಲಿ ತಿರುಗದ ಹಾಗೆ ಮಾಡಿದ್ದ. ಅದಕ್ಕೆ ಅವನ ಆಳುಗಳು ಜಗಳವಾಡಿದ್ದರಂತೆ. ಮೋಟಾರಿನ ಸದ್ದಿಲ್ಲದಿದ್ದರೆ ಮಾಲಕ ತಮ್ಮ ಮಾತು ಕೇಳಿಸಿಕೊಳ್ಳುತ್ತಾನೆಂದು ಅವರ ದೂರು.

ಡಿಸೆಂಬರಿನಲ್ಲಿ ಪುರಸಭೆಯವರು ಹೊಗೆ ನೋಡಲು ಬಂದರು. ಜೊತೆಗೆ ಹೊಸ ಯೋಜನೆಯ ಒಲೆ ಕೊಡುವ ಅಧಿಕಾರಿಯೂ ಇದ್ದರು, ಈ ಸಲ ಚಿಮಣಿ ಇರುವ ಒಲೆ. ಶಾಂತಾಬಾಯಿ ಅವರಿಗೆ ದಾರಿ ಅಡ್ಡಗಟ್ಟಿದಳು. "ಸಾಹೇಬ್ರ, ಎಂಟು ತರಬ್ಯಾಡ್ರಿ. ಮೊದಲ ಒಂದು ತರ್ರಿ. ನಮ್ಮ ಹಂಚು ಅದರ ಬಾಯಿಗೆ ಕುಂತ್ರ ಉಳದಾವು ತರ್ರಿ." ಅಧಿಕಾರಿ ಹಂಚಿನ ಅಳತೆ ತೆಗೆದುಕೊಂಡು ಹೋದರು. ಮೊದಲ ಒಲೆಯ ಬಾಯಿ ಸಣ್ಣದಾಯಿತು, ಹಿಂದಕ್ಕೆ ಹೋಯಿತು. ಎರಡನೆಯದರ ಚಿಮಣಿ ಹೆಡ್‌ಮಾಸ್ತರರ ಕಿಟಕಿಗೇ ಮುಖ ಮಾಡಿತ್ತು, ಅದೂ ಹಿಂದಕ್ಕೆ ಹೋಯಿತು. ಮೂರನೆಯದು ಕೂತಿತು. ಉಳಿದ ಏಳನ್ನು ಈಗ ಕಟ್ಟುತ್ತಿದ್ದಾರೆ. ಪುರಸಭೆಯವರು ನೋಟೀಸನ್ನು ವಾಪಸು ಪಡೆಯಲಿಲ್ಲ, ಆದರೆ ಬೇಸಿಗೆ ಕಳೆಯುವವರೆಗೆ ನಮ್ಮ ಒಲೆಗಳು ಇಲ್ಲೇ ಇರಲು ಒಪ್ಪಿದರು. ಹೆಡ್‌ಮಾಸ್ತರರನ್ನು ಕೇಳಿದಾಗ, "ಹೊಗೆ ಇದೆ. ಆದರೆ ಕಿಟಕಿ ತೆರೆಯಬಹುದು" ಎಂದರಂತೆ. ಮಾಸ್ತರರಿಂದ ಅದು ಫಸ್ಟ್ ಕ್ಲಾಸೇ ಸರಿ.

ಡಿಸೆಂಬರಿನ ಆ ದಿನ ಅಧಿಕಾರಿ ಹೊರಡುವ ಮುಂಚೆ ಶಾಂತಾಬಾಯಿಯನ್ನು ಕೇಳಿದರು: "ಮೊದಲು ಹಿಟ್ಟು, ಆಮೇಲೆ ಒಲೆ. ಈ ಪದ್ಧತಿ ನಿಮಗೆ ಯಾರು ಹೇಳಿಕೊಟ್ಟರು?"

"ಯಾರ್ ಹೇಳ್ತಾರ್ರಿ? ನಾನ ಮಾಡೇನಿ."

ನಾನು ಪೊಟ್ಟಣ ಕಟ್ಟುತ್ತಾ ಕೂತಿದ್ದೆ. ಅವರು ಹೋದ ಮೇಲೆ ಶಾಂತಾಬಾಯಿ ಹಿಟ್ಟಿಗೆ ಎಸರು ಸುರಿಯುತ್ತಾ, ಅಷ್ಟು ದಿನ ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಕೇಳಿದಳು.

"ಅಲ್ಲಬೇ ಕಸ್ತೂರಿ, ಅಷ್ಟು ದೂರ ಹೋಗಿ ಬಂದಿ. ಅಲ್ಲಿ ಏನ್ ನೋಡಿ ಬಂದಿ, ಹೇಳಲೇ ಇಲ್ಲ."

"ಒಬ್ಬಾಕಿ ಬ್ರೆಡ್ ಮಾಡೂದು ನೋಡಿದೆ ಮೌಶಿ."

ಶಾಂತಾಬಾಯಿ ನನ್ನನ್ನು ಕನಿಕರದಿಂದ ನೋಡಿದಳು.

"ನಸೀಬ ನೋಡು. ಬ್ರೆಡ್ ನೋಡಾಕ ಇಮಾನ ಬೇಕಾತೇನು? ಬಸ್ ಸ್ಟ್ಯಾಂಡ್ ಮುಂದ ಹೋಗಿದ್ರ ಬೇಕರಿಯಾಂವ ತೋರಿಸ್ತಿದ್ದ."